ಭೂಮಧ್ಯರೇಖೆಯ ಮೇಲೊಂದು ಪೆಂಗ್ವಿನ್ ಹಕ್ಕಿ
ಗಲಾಪಗೋಸ್ ದ್ವೀಪಗಳ ಕಡೆಗೆ ಒಂದು ವಿಜ್ಞಾನಯಾತ್ರೆ

ತರಗತಿಯಲ್ಲಿ ಉಷ್ಣದ ಪಾಠ ನಡೆಯುತ್ತಿದ್ದಾಗ ಒಮ್ಮೆ ನಮ್ಮ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: "ಸಾರ್, ಪೆಂಗ್ವಿನ್ ಎಂದರೆ ಹಿಮದ ನಾಡಿನ ಹಕ್ಕಿ ಎನ್ನುತ್ತಾರೆ. ಆದರೆ ಭೂಮಧ್ಯರೇಖೆಯ ಮೇಲೆ ಪೆಂಗ್ವಿನ್ ನಿಂತಿರುವ ಚಿತ್ರವೊಂದನ್ನು ನೋಡಿದೆ. ಅದು ನಿಜವೆ?" ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದಾಗಿರಲಿಲ್ಲ. ಚಿತ್ರ ನಿಜವಾದುದೇ. ಅದಕ್ಕೆ ಕಾರಣವನ್ನು ಹೇಳಹೊರಟರೆ ಗಂಟೆ ಸಾಲದೆಂದು ತಿಳಿದು, ಆ ದಿನ ಉತ್ತರವನ್ನು ಮುಂದಕ್ಕೆ ಹಾಕಿದೆವು. ಈ ಲೇಖನವೇ ಆ ಉತ್ತರ.

ಓದುಗರು ಭೂಗೋಲವೊಂದನ್ನು ಮುಂದಿಟ್ಟುಕೊಂಡು ದಕ್ಷಿಣ ಅಮೆರಿಕದ ಪಶ್ಚಿಮ ತೀರವನ್ನು ನೋಡಲಿ. ಭೂಮಧ್ಯರೇಖೆ ಹಾದುಹೋಗುವ ಪುಟ್ಟ ದೇಶವೊಂದು ಅಲ್ಲಿದೆ. ಅದರ ಹೆಸರೇ ಈಕ್ವಡಾರ್. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಭೂಮಧ್ಯರೇಖೆ ಎಂದೇ ಅರ್ಥ. ಅಲ್ಲಿಂದ ಬೆರಳನ್ನು ಪಶ್ಚಿಮಕ್ಕೆ ಸರಿಸುತ್ತ ಶಾಂತಸಾಗರದೊಳಕ್ಕೆ ಸುಮಾರು 1,000 ಕಿಲೋಮೀಟರು ಹೋದರೆ ಚುಕ್ಕೆಗಳ ಗುಂಪೊಂದು ಸಿಕ್ಕುತ್ತದೆ. ಅದೇ ಗಲಾಪಗೋಸ್ ದ್ವೀಪಸ್ತೋಮ. 1832ರಲ್ಲಿ ಈಕ್ವಡಾರಿಗೆ ಸೇರಿದ ಈ ದ್ವೀಪಗಳು 1973ರಿಂದ ಆ ದೇಶದ ಒಂದು ಪ್ರಾಂತವಾಗಿವೆ. ದೊಡ್ಡ ದ್ವೀಪಗಳು 13. ನೆಲವೆಲ್ಲ ಸೇರಿ ಸುಮಾರು 8,000 ಚದರ ಕಿಲೋಮೀಟರು. ಅದರಲ್ಲಿ ಅರ್ಧಕ್ಕೂ ಮಿಗಿಲಾದುದು ಇಸಬೆಲಾ ಎಂಬ ಒಂದೇ ದ್ವೀಪದ ಪಾಲು. ಜನವಸತಿ ಇರುವುದು ಕೆಲವೇ ದ್ವೀಪಗಳಲ್ಲಿ; ಜನಸಂಖ್ಯೆ ಸುಮಾರು 30,000.

ನಾವು ಅಲ್ಲಿಗೆ ಹೋಗಿ ಬಂದವರಲ್ಲ. ಆದರೂ ಭೂಪಟವನ್ನೂ ಸ್ವಲ್ಪ ಭೌತವಿಜ್ಞಾನವನ್ನೂ ಜೊತೆಗಿಟ್ಟುಕೊಂಡರೆ ಕುಳಿತಲ್ಲಿಂದಲೇ ಯಾತ್ರೆ ಮಾಡುವುದಕ್ಕೆ ಅಡ್ಡಿಯಿಲ್ಲ. ಉಷ್ಣವಲಯದ ದ್ವೀಪವೆಂದೊಡನೆ ತೆಂಗಿನ ಸಾಲು, ದಟ್ಟವಾದ ಕಾಡು, ಬಿಡದೆ ಸುರಿಯುವ ಮಳೆ ಇವು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಗಲಾಪಗೋಸಿನ ತೀರದಲ್ಲಿ ಕಾಣಬರುವುದು ಕಪ್ಪು ಬಂಡೆ, ಪಾಪಾಸುಕಳ್ಳಿ, ಮನುಷ್ಯನನ್ನು ಕಂಡರೂ ಕದಲದೆ ಮಲಗಿರುವ ಪ್ರಾಣಿಗಳು. ಪ್ರವಾಸಿಗಳನ್ನು ಲೋಕದ ಮೂಲೆಮೂಲೆಯಿಂದ ಸೆಳೆಯುವ ಈ ವಿಚಿತ್ರಗಳಿಗೆ ಮುಖ್ಯವಾದ ಕಾರಣಗಳು ಎರಡೇ: ಒಂದು, ಸಮುದ್ರದ ತಣ್ಪು, ಇನ್ನೊಂದು, ನೆಲದಿಂದ ಇರುವ ದೂರ. ಆದರೆ ಪ್ರವಾಸಿ ಅಲ್ಲಿ ಕಾಲಿಟ್ಟ ಗಳಿಗೆಯಿಂದಲೇ ಆ ದೂರ ಅಳಿಯತೊಡಗುತ್ತದೆ. ಈ ವಿರೋಧವನ್ನು ಪರಿಹರಿಸುವ ಬಗೆ ಹೇಗೆಂಬುದೇ ಇಂದು ಆ ಪ್ರಾಂತದ ದೊಡ್ಡ ಸಮಸ್ಯೆ.

ಮಾಯಾದ್ವೀಪಗಳು

1535ರಲ್ಲಿ ಪನಾಮಾದ ಬಿಷಪ್ ತೊಮಾಸ್ ದೆ ಬೆರ್ಲಾಂಗಾ ಎಂಬಾತನು ಹಡಗಿನಲ್ಲಿ ಪೆರು ದೇಶಕ್ಕೆ ಹೊರಟಿದ್ದನು. ನಡುದಾರಿಯಲ್ಲಿ ಗಾಳಿ ಬಿದ್ದುಹೋಯಿತು. ಹಾಯಿ ಜೋತು ನಿಂತ ಹಡಗನ್ನು ಸಮುದ್ರದ ಪ್ರವಾಹವೇ ಪಶ್ಚಿಮಕ್ಕೆ ಎಳೆದೊಯ್ದು ಈ ದ್ವೀಪಗಳಿಗೆ ಮುಟ್ಟಿಸಿತು. ಕುಡಿಯುವ ನೀರಿಗಾಗಿ ಪರದಾಡಿದ ನಾವಿಕರು ಪಾಪಾಸುಕಳ್ಳಿಯನ್ನು ಹಿಂಡಿ ರಸ ಕುಡಿದು ಬದುಕಿದರು. ಮುಂದೆ ಬಂದ ಸ್ಪ್ಯಾನಿಷ್ ನಾವಿಕರು ಇವನ್ನು ಮಾಯಾದ್ವೀಪಗಳೆಂದು ಕರೆದರು. ಗಾಳಿಯನ್ನು ನಂಬಿ ದಿಕ್ಕು ಹಿಡಿದ ಹಡಗನ್ನು ನೀರು ಬೇರೊಂದು ದಿಕ್ಕಿಗೆ ಒಯ್ಯುತ್ತಿದ್ದುದರಿಂದ, ದ್ವೀಪಗಳೇ ಜಾಗ ಬದಲಿಸುತ್ತವೆಯೋ ಎಂಬ ಭ್ರಮೆ ಅವರಿಗೆ ಹುಟ್ಟಿತ್ತು. ಆ ಮಾಯೆಯ ಗುಟ್ಟು ನೀರಿನಲ್ಲಿದೆ. ಪೆಂಗ್ವಿನ್ ಹಕ್ಕಿಯ ಗುಟ್ಟೂ ಅಲ್ಲಿಯೇ ಇದೆ.

ಸಮುದ್ರದ ತಣ್ಪು

ಅಂಟಾರ್ಕ್ಟಿಕದ ಕಡೆಯಿಂದ ದಕ್ಷಿಣ ಅಮೆರಿಕದ ತೀರವನ್ನು ಅನುಸರಿಸಿ ಉತ್ತರಕ್ಕೆ ಹರಿದುಬರುವ ತಣ್ಣನೆಯ ಪ್ರವಾಹವೊಂದುಂಟು. ಅದಕ್ಕೆ ಹಂಬೋಲ್ಟ್ ಪ್ರವಾಹವೆಂದು ಹೆಸರು. ಭೂಮಧ್ಯರೇಖೆಯನ್ನು ಸಮೀಪಿಸಿದಾಗ ಅದು ಪಶ್ಚಿಮಕ್ಕೆ ತಿರುಗಿ ಗಲಾಪಗೋಸಿನತ್ತ ಸಾಗುತ್ತದೆ. ಇದು ಮೇಲಣ ನೀರಿನ ಕಥೆಯಾಯಿತು. ಆಳದ ನೀರಿನ ಕಥೆ ಇದಕ್ಕಿಂತ ಸ್ವಾರಸ್ಯವಾದುದು.

ಶಾಂತಸಾಗರದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯಮಾರುತಗಳು ಮೇಲಣ ನೀರನ್ನು ಪಶ್ಚಿಮಕ್ಕೆ ತಳ್ಳುತ್ತಿರುತ್ತವೆ. ಇದರ ಫಲವಾಗಿ ಸಾಗರದ ಪಶ್ಚಿಮದ ಅಂಚಿನಲ್ಲಿ ನೀರಿನ ಮಟ್ಟ ಪೂರ್ವದ ಅಂಚಿಗಿಂತ ಸುಮಾರು ಅರ್ಧ ಮೀಟರು ಎತ್ತರವಾಗಿ ನಿಲ್ಲುತ್ತದೆ. ಎತ್ತರದ ನೀರು ತಗ್ಗಿಗೆ ಮರಳಬೇಕಷ್ಟೆ; ಮೇಲ್ಭಾಗದಲ್ಲಿ ಗಾಳಿ ಅಡ್ಡಿಯಾಗಿರುವುದರಿಂದ ಅದು ಅಡಿಯಲ್ಲಿ ದಾರಿ ಹುಡುಕುತ್ತದೆ. ಭೂಮಿಯ ಆವರ್ತನೆಯಿಂದ ಪ್ರವಾಹಗಳು ಪಕ್ಕಕ್ಕೆ ತಿರುಗುವುದನ್ನು ವಿದ್ಯಾರ್ಥಿಗಳು ಬಲ್ಲರು. ಆ ತಿರುವು ಸೊನ್ನೆಯಾಗುವುದು ಭೂಮಧ್ಯರೇಖೆಯ ಮೇಲೆ ಮಾತ್ರ. ಆದುದರಿಂದ ಅಡಿಯ ನೀರು ಆ ರೇಖೆಯನ್ನೇ ಹಿಡಿದು, ಹಳಿಯ ಮೇಲಿನ ರೈಲಿನಂತೆ ನೆಟ್ಟಗೆ ಪೂರ್ವಕ್ಕೆ ಹರಿಯುತ್ತದೆ. ಟೌನ್ಸೆಂಡ್ ಕ್ರಾಮ್ವೆಲ್ ಎಂಬ ವಿಜ್ಞಾನಿ 1952ರಲ್ಲಿ ಇದನ್ನು ಕಂಡುಹಿಡಿದುದರಿಂದ ಇದಕ್ಕೆ ಕ್ರಾಮ್ವೆಲ್ ಪ್ರವಾಹವೆಂದು ಹೆಸರಾಗಿದೆ.

ಸಾವಿರಾರು ಕಿಲೋಮೀಟರು ಹರಿದುಬಂದ ಈ ಗುಪ್ತಪ್ರವಾಹಕ್ಕೆ ಎದುರಾಗುವ ಗೋಡೆಗಳೇ ಇಸಬೆಲಾ ಮತ್ತು ಫರ್ನಾಂಡೀನಾ ದ್ವೀಪಗಳು. ಗೋಡೆಗೆ ತಾಕಿದ ನೀರು ಮೇಲಕ್ಕೇಳುತ್ತದೆ. ಸೂರ್ಯನ ಬೆಳಕು ಕಾಣದ ಆಳದಿಂದ ಬಂದುದರಿಂದ ಅದು ತಣ್ಣಗಿರುತ್ತದೆ. ಸಮುದ್ರದ ಅಡಿಯ ಪೋಷಕ ಲವಣಗಳನ್ನೂ ಹೊತ್ತು ತರುತ್ತದೆ. ಲವಣಗಳಿಂದ ಸೂಕ್ಷ್ಮಸಸ್ಯಗಳು ಬೆಳೆಯುತ್ತವೆ, ಅವುಗಳನ್ನವಲಂಬಿಸಿ ಮೀನು, ಮೀನನ್ನು ನಂಬಿ ಪೆಂಗ್ವಿನ್. ನಮ್ಮ ವಿದ್ಯಾರ್ಥಿ ಕಂಡ ಹಕ್ಕಿ ಸುಮಾರು ಅರ್ಧ ಮೀಟರು ಎತ್ತರದ್ದು. ಹುಟ್ಟುನೆಲೆಯಲ್ಲಿಯೇ ಭೂಮಧ್ಯರೇಖೆಯ ಉತ್ತರಕ್ಕೂ ವಾಸಿಸುವ ಪೆಂಗ್ವಿನ್ ಜಾತಿ ಜಗತ್ತಿನಲ್ಲಿ ಇದೊಂದೇ. ನೀರಿನಲ್ಲಿರುವಷ್ಟು ಹೊತ್ತು ಅದಕ್ಕೆ ಕಷ್ಟವಿಲ್ಲ. ದಡಕ್ಕೆ ಬಂದಾಗ ಮಾತ್ರ ರೆಕ್ಕೆಗಳನ್ನು ಅಗಲಿಸಿ ಗಾಳಿಗೊಡ್ಡಿ, ನಾಯಿಯಂತೆ ಏದುಸಿರು ಬಿಟ್ಟು, ಬಂಡೆಯ ಬಿರುಕಿನಲ್ಲಿ ನೆರಳು ಹುಡುಕಿಕೊಂಡು ಮೈಯ ಶಾಖವನ್ನು ಕಳೆದುಕೊಳ್ಳುತ್ತದೆ.

ಇದೇ ತಣ್ಣೀರು ಹವೆಯನ್ನೂ ಆಳುತ್ತದೆ. ಸಾಮಾನ್ಯವಾಗಿ ಮೇಲೇರಿದಂತೆಲ್ಲ ಗಾಳಿಯ ಉಷ್ಣತೆ ಇಳಿಯುತ್ತದೆ; ಕೆಳಗಿನ ಬಿಸಿಗಾಳಿ ಹಗುರಾಗಿ ಮೇಲೆದ್ದು, ಅಲ್ಲಿ ತಣಿದು, ಮೋಡವಾಗಿ ಮಳೆ ಸುರಿಸುತ್ತದೆ. ಜೂನ್ ತಿಂಗಳಿಂದ ನವೆಂಬರಿನವರೆಗೆ ಗಲಾಪಗೋಸಿನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಸಮುದ್ರವನ್ನು ಸೋಕಿದ ಗಾಳಿ ತಂಪಾಗಿ, ಭಾರವಾಗಿ, ಕೆಳಗೇ ಉಳಿಯುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ಕುಳಿತುಬಿಡುತ್ತದೆ. ಆದುದರಿಂದ ತೀರದಲ್ಲಿ ಮಳೆಯಿಲ್ಲ. ಮುಚ್ಚಳದ ಅಡಿಯಲ್ಲಿ ಸಿಕ್ಕಿಕೊಂಡ ತೇವ ಮಂಜಿನ ಪದರವಾಗಿ ಬೆಟ್ಟಗಳ ಎತ್ತರದ ಭಾಗಕ್ಕೆ ತಗುಲಿ ಸೋನೆಯಾಗಿ ಇಳಿಯುತ್ತದೆ. ಅಲ್ಲಿಯವರು ಇದನ್ನು ಗರೂವಾ ಎನ್ನುತ್ತಾರೆ. ಸಾಂತಾ ಕ್ರೂಸ್ ದ್ವೀಪದ ಪುಯೆರ್ತೊ ಅಯೋರಾ ಎಂಬ ತೀರದ ಊರಿನಿಂದ ಬೆಟ್ಟದ ಹಾದಿ ಹಿಡಿದ ಪ್ರವಾಸಿ ಕೆಲವೇ ಕಿಲೋಮೀಟರುಗಳಲ್ಲಿ ಪಾಪಾಸುಕಳ್ಳಿಯ ಮರುಭೂಮಿಯನ್ನು ಹಿಂದೆ ಬಿಟ್ಟು, ಪಾಚಿ ಹೊದ್ದ ಹಸುರು ಕಾಡನ್ನು ಹೊಗುತ್ತಾನೆ. ಆ ಕಾಡಿನ ಸ್ಕೇಲೀಸಿಯ ಎಂಬ ಮರ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದುದು. ದೈತ್ಯ ಆಮೆಗಳು ಸ್ವೇಚ್ಛೆಯಾಗಿ ಮೇಯುವುದನ್ನು ಕಾಣಬಹುದಾದುದೂ ಈ ಎತ್ತರದ ಹುಲ್ಲುಗಾವಲುಗಳಲ್ಲಿಯೇ.

ಬಿಸಿಲು ಕಾಯಿಸಿಕೊಳ್ಳುವ ಉಡಗಳು

ತೀರದ ಬಂಡೆಗಳ ಮೇಲೆ ಉಡವನ್ನು ಹೋಲುವ ಕಪ್ಪು ಪ್ರಾಣಿಗಳು ನೂರುಗಟ್ಟಲೆಯಾಗಿ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಇವು ಕಡಲ ಇಗ್ವಾನಗಳು. ಕಡಲಿನಲ್ಲಿ ಮುಳುಗಿ ಪಾಚಿ ಮೇಯುವ ಹಲ್ಲಿಯ ಜಾತಿ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಇವುಗಳಿಗೆ ಮೈಯೊಳಗೆ ಶಾಖವನ್ನು ಹುಟ್ಟಿಸಿಕೊಳ್ಳುವ ಶಕ್ತಿಯಿಲ್ಲ. ಬೆಳಿಗ್ಗೆ ಕಪ್ಪು ಮೈಯನ್ನು ಬಿಸಿಲಿಗೊಡ್ಡಿ ಕಾಯಿಸಿಕೊಂಡು, ಆ ಬಂಡವಾಳದಿಂದ ತಣ್ಣೀರಿಗಿಳಿದು, ಅದು ತೀರುವ ಮುನ್ನ ಮೇದು ದಡಕ್ಕೆ ಮರಳಬೇಕು. ಆಳಕ್ಕೆ ಮುಳುಗುವುದು ದೊಡ್ಡ ಪ್ರಾಣಿಗಳು ಮಾತ್ರ. ಚಿಕ್ಕವು ಇಳಿತದ ವೇಳೆಯಲ್ಲಿ ದಡದ ಪಾಚಿಯಿಂದಲೇ ತೃಪ್ತಿಪಡುತ್ತವೆ. ಇದಕ್ಕೆ ಕಾರಣ ರೇಖಾಗಣಿತದ್ದು. ಶಾಖ ಸೋರಿಹೋಗುವುದು ಮೈಯ ಮೇಲ್ಮೈಯಿಂದ. ಅದು ತುಂಬಿರುವುದು ಘನಗಾತ್ರದಲ್ಲಿ. ದೇಹ ದೊಡ್ಡದಾದಂತೆ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಕಡಿಮೆಯಾಗುತ್ತದೆ. ದೊಡ್ಡ ಚೆಂಬಿನ ಬಿಸಿನೀರು ಬಟ್ಟಲಿನ ನೀರಿಗಿಂತ ತಡವಾಗಿ ಆರುವುದೂ ಇದೇ ನಿಯಮದಿಂದ.

ಕಾವಲಿಯ ಮೇಲಿನ ನಾಡು

ಈ ದ್ವೀಪಗಳು ಎಂದೂ ಖಂಡಕ್ಕೆ ಅಂಟಿಕೊಂಡಿದ್ದವಲ್ಲ. ಸಮುದ್ರದ ತಳದಿಂದ ಉಕ್ಕಿದ ಲಾವಾರಸ ಹೆಪ್ಪುಗಟ್ಟಿ ಹುಟ್ಟಿದವು. ಉರಿಯುವ ದೀಪದ ಮೇಲೆ ಕಾಗದವೊಂದನ್ನು ನಿಧಾನವಾಗಿ ಎಳೆದರೆ ಸುಟ್ಟ ಕಲೆಗಳು ಸಾಲಾಗಿ ಮೂಡುತ್ತವೆ. ಇಲ್ಲಿ ದೀಪವೆಂದರೆ ಭೂಗರ್ಭದ ಒಂದು ಬಿಸಿತಾಣ; ಕಾಗದವೆಂದರೆ ನಾಜ್ಕಾ ಎಂಬ ಶಿಲಾಫಲಕ. ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಪೂರ್ವದ ಕಡೆಗೆ ಸರಿಯುತ್ತಿದೆ. ಇದು ಹೆಚ್ಚುಕಡಮೆ ನಮ್ಮ ಉಗುರು ಬೆಳೆಯುವ ವೇಗ. ಆದರೂ 10 ಲಕ್ಷ ವರ್ಷಗಳಲ್ಲಿ 50 ಕಿಲೋಮೀಟರಾಯಿತು. ಈ ಲೆಕ್ಕದಂತೆ ಪೂರ್ವಕ್ಕೆ ಹೋದಂತೆಲ್ಲ ದ್ವೀಪಗಳು ಹಳೆಯವಾಗಿರಬೇಕು, ಇರುವುದೂ ಹಾಗೆಯೇ. ಆಗ್ನೇಯದ ಎಸ್ಪಾನ್ಯೋಲಾ ದ್ವೀಪಕ್ಕೆ 30 ಲಕ್ಷ ವರ್ಷಗಳಿಗೂ ಮೀರಿದ ವಯಸ್ಸು. ಪಶ್ಚಿಮದ ತುದಿಯ ಫರ್ನಾಂಡೀನಾ ಇನ್ನೂ ಕೂಸು. ಅದು 2024ರಲ್ಲಿಯೂ ಬೆಂಕಿ ಕಾರಿತು.

ಇಸಬೆಲಾ ದ್ವೀಪದ ಸಿಯೆರ್ರಾ ನೆಗ್ರಾ ಎಂಬ ಅಗ್ನಿಪರ್ವತದ ಬಾಯಿಯ ಅಂಚಿನಲ್ಲಿ ಪ್ರವಾಸಿಗಳು ನಡೆದಾಡುವುದುಂಟು. ಆ ಬಾಯಿಯ ಅಗಲ ಸುಮಾರು 10 ಕಿಲೋಮೀಟರು. 2005ರ ಸ್ಫೋಟಕ್ಕೂ 2018ರ ಸ್ಫೋಟಕ್ಕೂ ನಡುವೆ ಅದರ ತಳ 6 ಮೀಟರಿಗೂ ಹೆಚ್ಚಾಗಿ ಉಬ್ಬಿ ಮೇಲೆದ್ದುದನ್ನು ಉಪಕರಣಗಳು ಅಳೆದಿವೆ. ಭೂಮಿ ಉಸಿರೆಳೆದುಕೊಳ್ಳುತ್ತಿದೆಯೋ ಎಂಬಂಥ ನೆಲದ ಮೇಲೆ ನಿಲ್ಲುವುದು ಸಾಮಾನ್ಯ ಅನುಭವವಲ್ಲ.

ದೂರದ ಫಲ

ಹೀಗೆ ಸಮುದ್ರದಿಂದೆದ್ದ ಬರಿಯ ಬಂಡೆಗಳಿಗೆ ಪ್ರಾಣಿಗಳು ಬಂದುದು ಹೇಗೆ? ಹಕ್ಕಿಗಳು ಹಾರಿ, ಇಲ್ಲವೆ ಬಿರುಗಾಳಿಗೆ ಸಿಕ್ಕಿ ಬಂದವು. ಉಳಿದವು ನೆರೆಯಲ್ಲಿ ಕೊಚ್ಚಿಹೋದ ಮರಗಿಡಗಳ ತೆಪ್ಪವನ್ನೇರಿ, ಪ್ರವಾಹದೊಡನೆ ತೇಲಿಬಂದಿರಬೇಕು. ಅನ್ನನೀರುಗಳಿಲ್ಲದ ಈ ಪಯಣದಲ್ಲಿ ಬದುಕಿ ಉಳಿಯುವುದು ಉರಗಜಾತಿಗೆ ಸುಲಭ. ಕಪ್ಪೆಗೆ ಉಪ್ಪುನೀರು ಮೃತ್ಯು. ದೊಡ್ಡ ಸಸ್ತನಿಗಳಿಗೆ ಬಾಯಾರಿಕೆಯೇ ಮೃತ್ಯು. ಈ ಕಾರಣದಿಂದಲೇ ಗಲಾಪಗೋಸಿನಲ್ಲಿ ಮೂಲತಃ ಕಪ್ಪೆಗಳಿರಲಿಲ್ಲ; ಬೇಟೆಯಾಡುವ ದೊಡ್ಡ ಮೃಗಗಳೂ ಇರಲಿಲ್ಲ. ವೈರಿಯೇ ಇಲ್ಲದಲ್ಲಿ ಅಂಜಿಕೆಗೆ ಅರ್ಥವೇನು? ಇಸಬೆಲಾ ಮತ್ತು ಫರ್ನಾಂಡೀನಾ ತೀರಗಳ ನೀರುಕಾಗೆ ಹಾರುವುದನ್ನೇ ಮರೆತಿದೆ. ಅದರ ರೆಕ್ಕೆಗಳು ಈಗ ಮೋಟುಗಳಾಗಿವೆ. ನೀಲಿಗಾಲಿನ ಬೂಬಿ ಹಕ್ಕಿ ಕಾಲುಹಾದಿಯ ಪಕ್ಕದಲ್ಲಿಯೇ ಮೊಟ್ಟೆಯಿಟ್ಟು ಕುಳಿತುಕೊಳ್ಳುತ್ತದೆ.

1835ರ ಸೆಪ್ಟೆಂಬರಿನಲ್ಲಿ ಬೀಗಲ್ ಹಡಗಿನಿಂದ ಇಲ್ಲಿ ಇಳಿದ 26 ವರ್ಷದ ತರುಣ ಚಾರ್ಲ್ಸ್ ಡಾರ್ವಿನ್ ಸುಮಾರು ಐದು ವಾರ ಮಾತ್ರ ಈ ದ್ವೀಪಗಳ ನಡುವೆ ಇದ್ದನು. ಆಮೆಯನ್ನು ನೋಡಿದೊಡನೆ ಅದು ಯಾವ ದ್ವೀಪದ್ದೆಂದು ತಾನು ಹೇಳಬಲ್ಲೆನೆಂದು ಅಲ್ಲಿಯ ಅಧಿಕಾರಿಯೊಬ್ಬನು ಅವನಿಗೆ ತಿಳಿಸಿದನು. ದ್ವೀಪದಿಂದ ದ್ವೀಪಕ್ಕೆ ಅಣಕುಹಕ್ಕಿಗಳೂ ಭಿನ್ನವಾಗಿದ್ದುದನ್ನು ಡಾರ್ವಿನ್ ತಾನೇ ಕಂಡನು. ಒಂದೇ ಮೂಲದ ಜೀವಿಗಳು ಬೇರೆ ಬೇರೆ ದ್ವೀಪಗಳಲ್ಲಿ ಬೇರೆ ಬೇರೆಯಾಗಿ ಮಾರ್ಪಟ್ಟಿರಬಹುದೆಂಬ ವಿಚಾರ ಊರಿಗೆ ಮರಳಿದ ಮೇಲೆ ಅವನಲ್ಲಿ ಬಲವಾಯಿತು. 1859ರಲ್ಲಿ ಅವನ ಪ್ರಸಿದ್ಧ ಗ್ರಂಥ ಹೊರಬಂದಿತು.

ಜೀವವಿಕಾಸವನ್ನು ಕಣ್ಣಾರೆ ಕಾಣಲಾದೀತೆ ಎಂದು ಕೇಳುವವರಿಗೆ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪವೇ ಉತ್ತರ. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿಗಳು 1973ರಿಂದ ಮೊದಲುಗೊಂಡು ದಶಕಗಳ ಕಾಲ ಅಲ್ಲಿಯ ಫಿಂಚ್ ಹಕ್ಕಿಗಳನ್ನು ಒಂದೊಂದಾಗಿ ಹಿಡಿದು ಅಳೆದರು. 1977ರಲ್ಲಿ ಭೀಕರ ಬರ ಬಂದಿತು. ಮೆತ್ತನೆಯ ಚಿಕ್ಕ ಬೀಜಗಳು ಮುಗಿದುಹೋಗಿ, ನಮ್ಮ ಹೊಲಗಳ ನೆಗ್ಗಿಲಿಗೆ ಹತ್ತಿರದ ನಂಟಾದ ಗಿಡವೊಂದರ ಗಟ್ಟಿ ಕಾಯಿಗಳು ಉಳಿದವು. ಸಣ್ಣ ಕೊಕ್ಕಿನ ಹಕ್ಕಿಗಳು ಬಹುಪಾಲು ಸತ್ತವು. ಕಾಯಿಯನ್ನು ಒಡೆಯಬಲ್ಲ ದಪ್ಪ ಕೊಕ್ಕಿನವು ಬದುಕಿದವು. ಅವುಗಳ ಮರಿಗಳಿಗೂ ಆ ಗುಣ ಬಂದು, ಮುಂದಿನ ಪೀಳಿಗೆಯ ಕೊಕ್ಕಿನ ದಪ್ಪ ಸರಾಸರಿಯಲ್ಲಿ ಸುಮಾರು ಅರ್ಧ ಮಿಲಿಮೀಟರು ಹೆಚ್ಚಿತು. ಅರ್ಧ ಮಿಲಿಮೀಟರು ಅಲ್ಪವೆಂದು ತೋರಬಹುದು. ಅಲ್ಲಿ ಜೀವಕ್ಕೂ ಸಾವಿಗೂ ನಡುವಣ ಅಂತರ ಅಷ್ಟೇ ಆಗಿತ್ತು.

ನಿರ್ಭಯದ ಬೆಲೆ

ಅಂಜಿಕೆಯಿಲ್ಲದ ಪ್ರಾಣಿ ನೋಡುವವನಿಗೆ ಎಷ್ಟು ಪ್ರಿಯವೋ ಕೊಲ್ಲುವವನಿಗೂ ಅಷ್ಟೇ ಸುಲಭ. ಹಿಂದಿನ ಶತಮಾನಗಳಲ್ಲಿ ತಿಮಿಂಗಿಲದ ಬೇಟೆಗಾರರು ಈ ದ್ವೀಪಗಳಲ್ಲಿ ತಂಗುತ್ತಿದ್ದರು. ಫ್ಲೋರಿಯಾನಾ ದ್ವೀಪದಲ್ಲಿ ಅವರು ಕಾಗದಗಳನ್ನು ಹಾಕಿ ಹೋಗುತ್ತಿದ್ದ ಪೀಪಾಯಿಯ ಪದ್ಧತಿ ಇಂದಿಗೂ ಉಳಿದಿದೆ. ತಮ್ಮ ಊರಿನ ಕಡೆಯ ವಿಳಾಸದ ಕಾಗದ ಸಿಕ್ಕರೆ ಪ್ರವಾಸಿಗಳು ಅದನ್ನು ಒಯ್ದು ಮುಟ್ಟಿಸುತ್ತಾರೆ. ಆದರೆ ಆ ನಾವಿಕರು ಒಯ್ದುದು ಕಾಗದಗಳನ್ನು ಮಾತ್ರವಲ್ಲ. ದೈತ್ಯ ಆಮೆ ಒಂದು ವರ್ಷದವರೆಗೂ ಅನ್ನನೀರಿಲ್ಲದೆ ಜೀವದಿಂದಿರಬಲ್ಲುದು. ಈ ಗುಣವೇ ಅದಕ್ಕೆ ಮುಳುವಾಯಿತು. ಕೆಡದ ಮಾಂಸದ ದಾಸ್ತಾನೆಂದು ಹಡಗಿನವರು ಅವನ್ನು ಜೀವಸಹಿತ ಒಂದರ ಮೇಲೊಂದು ಪೇರಿಸಿ ಸಾಗಿಸಿದರು. ಹೀಗೆ ನಾಶವಾದವು ಲಕ್ಷಕ್ಕೂ ಮೇಲೆಂದು ಅಂದಾಜು. ಸ್ಪ್ಯಾನಿಷ್ ಭಾಷೆಯಲ್ಲಿ ಗಲಾಪಗೋ ಎಂದರೆ ಆಮೆ. ಹೆಸರು ಕೊಟ್ಟ ಪ್ರಾಣಿಯೇ ಅಳಿವಿನಂಚಿಗೆ ಬಂದಿತು.

ಮನುಷ್ಯನು ಬಿಟ್ಟುಹೋದ ಪ್ರಾಣಿಗಳಿಂದ ಆದ ಹಾನಿಯೂ ಕಡಿಮೆಯದಲ್ಲ. ಪಿಂಟಾ ದ್ವೀಪದಲ್ಲಿ ಮೀನುಗಾರರು ಬಿಟ್ಟ ಬೆರಳೆಣಿಕೆಯ ಮೇಕೆಗಳು ಕೆಲವೇ ವರ್ಷಗಳಲ್ಲಿ ಸಾವಿರಗಟ್ಟಲೆಯಾಗಿ, ಆಮೆಯ ಮೇವನ್ನೆಲ್ಲ ತಿಂದುಹಾಕಿದವು. 1971ರಲ್ಲಿ ಆ ದ್ವೀಪದಲ್ಲಿ ಕಂಡದ್ದು ಒಂದೇ ಒಂದು ಗಂಡು ಆಮೆ. ಜನ ಅದನ್ನು ಒಂಟಿ ಜಾರ್ಜ್ ಎಂದು ಕರೆದರು. ಅದಕ್ಕೆ ತನ್ನ ಜಾತಿಯ ಸಂಗಾತಿ ದೊರೆಯಲೇ ಇಲ್ಲ. 2012ರ ಜೂನ್ 24ರಂದು ಅದು ಸತ್ತಾಗ ಲಕ್ಷಾಂತರ ವರ್ಷಗಳ ಒಂದು ವಂಶ ಮುಗಿಯಿತು. ಪುಯೆರ್ತೊ ಅಯೋರಾದಲ್ಲಿ ಇಂದು ಪ್ರವಾಸಿಗಳು ಕಾಣುವುದು ಅದರ ಕಾಪಿಟ್ಟ ದೇಹವನ್ನು.

ಆದರೆ ಎಲ್ಲ ಕಥೆಯೂ ಹೀಗೆ ಮುಗಿದಿಲ್ಲ. 1959ರಲ್ಲಿ ಇಲ್ಲಿ ರಾಷ್ಟ್ರೀಯ ಉದ್ಯಾನ ಘೋಷಿತವಾಯಿತು; 1964ರಲ್ಲಿ ಡಾರ್ವಿನ್ ಸಂಶೋಧನ ಕೇಂದ್ರ ತೆರೆಯಿತು. ಎಸ್ಪಾನ್ಯೋಲಾ ದ್ವೀಪದಲ್ಲಿ ಉಳಿದಿದ್ದ 14 ಆಮೆಗಳನ್ನು ತಂದು, ಅಮೆರಿಕದ ಮೃಗಾಲಯವೊಂದರಲ್ಲಿದ್ದ ಇನ್ನೊಂದು ಗಂಡನ್ನೂ ಕೂಡಿಸಿ, ಮರಿಗಳನ್ನು ಬೆಳೆಸಿದರು. ಸುಮಾರು 2,000 ಮರಿಗಳು ತಾಯ್ನೆಲಕ್ಕೆ ಮರಳಿದ ಮೇಲೆ, 2020ರಲ್ಲಿ ಆ 15 ಹಿರಿಯ ಆಮೆಗಳನ್ನೂ ಅಲ್ಲಿಗೆ ಕೊಂಡೊಯ್ದು ಬಿಟ್ಟರು. ಇಸಬೆಲಾದ ಉತ್ತರಭಾಗ ಮತ್ತಿತರ ಕಡೆಗಳಿಂದ ಲಕ್ಷಕ್ಕೂ ಹೆಚ್ಚು ಮೇಕೆಗಳನ್ನು 2006ರ ಹೊತ್ತಿಗೆ ತೆಗೆದುಹಾಕಿದರು.

ಪ್ರವಾಸಿಯ ಹೊಣೆ

ಈ ಕೆಲಸಕ್ಕೆಲ್ಲ ಹಣ ಬೇಕು. ಅದರಲ್ಲಿ ಒಂದು ದೊಡ್ಡ ಪಾಲು ಪ್ರವಾಸಿಗಳಿಂದಲೇ ಬರುತ್ತದೆ. ಹೊರದೇಶಗಳಿಂದ ಬರುವ ವಯಸ್ಕರು ತೆರಬೇಕಾದ ಪ್ರವೇಶಶುಲ್ಕವನ್ನು 2024ರ ಆಗಸ್ಟಿನಲ್ಲಿ 100 ಡಾಲರಿನಿಂದ 200ಕ್ಕೆ ಏರಿಸಲಾಯಿತು. ದ್ವೀಪವಾಸಿಗಳ ಜೀವನೋಪಾಯವೂ ಹೆಚ್ಚಾಗಿ ಪ್ರವಾಸವನ್ನೇ ಅವಲಂಬಿಸಿದೆ. 2023ರಲ್ಲಿ ಬಂದವರ ಸಂಖ್ಯೆ 3 ಲಕ್ಷವನ್ನು ಮೀರಿತು. ಎಂದರೆ ಊರವರ ಹತ್ತರಷ್ಟು. ಬರುವವರು ಬಾರದಿದ್ದರೆ ರಕ್ಷಣೆ ನಿಲ್ಲುತ್ತದೆ. ಬಂದರೆ ರಕ್ಷಿಸಬೇಕಾದುದೇ ಕೆಡುವ ಭಯ.

ಆದುದರಿಂದಲೇ ಅಲ್ಲಿ ನಿಯಮಗಳು ಬಿಗಿಯಾಗಿವೆ. ನೆಲದ 97 ಪಾಲು ಉದ್ಯಾನಕ್ಕೆ ಸೇರಿದೆ. ಉಳಿದ 3 ಪಾಲಿನಲ್ಲಿ ಊರುಗಳೂ ಹೊಲಗಳೂ ಇವೆ. ವಿಮಾನವೇರುವ ಮುನ್ನವೇ ಪ್ರವಾಸಿಯ ಚೀಲಗಳನ್ನು ತಪಾಸಣೆ ಮಾಡುತ್ತಾರೆ. ಒಂದು ಹಣ್ಣು, ಒಂದು ಬೀಜ ಕೂಡ ಕಣ್ತಪ್ಪಬಾರದು. ಉದ್ಯಾನದೊಳಗೆ ಮಾರ್ಗದರ್ಶಿಯೊಡನೆ, ಗೊತ್ತುಮಾಡಿದ ಹಾದಿಯಲ್ಲಿಯೇ ನಡೆಯಬೇಕು. ಪ್ರಾಣಿಗಳಿಂದ 2 ಮೀಟರು ದೂರವಿರಬೇಕು. ಅವು ತಾವಾಗಿ ಹತ್ತಿರ ಬಂದರೂ ಮುಟ್ಟಕೂಡದು. ಇದು ಅತಿಯಾಯಿತೆಂದು ತೋರಿದವರು ಫಿಲಾರ್ನಿಸ್ ಎಂಬ ನೊಣದ ಕಥೆಯನ್ನು ನೆನೆಯಬೇಕು. ಹೊರಗಿನಿಂದ ಬಂದ ಈ ನೊಣ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅದರ ಹುಳುಗಳು ರಾತ್ರಿಯಲ್ಲಿ ಫಿಂಚ್ ಮರಿಗಳ ರಕ್ತ ಹೀರಿ ಕೊಲ್ಲುತ್ತವೆ. ಮೇಕೆಯನ್ನು ಹುಡುಕಿ ಹಿಡಿಯಬಹುದು. ನೊಣವನ್ನು ಹಿಡಿಯುವುದು ಹೇಗೆ?

ಯಾವ ತಪಾಸಣೆಗೂ ಸಿಕ್ಕದ ಇನ್ನೊಂದು ಅತಿಥಿಯುಂಟು, ಅದು ಶಾಖ. ಕೆಲವು ವರ್ಷಗಳಿಗೊಮ್ಮೆ ವಾಣಿಜ್ಯಮಾರುತಗಳು ಸೋತು, ಪಶ್ಚಿಮದ ಬೆಚ್ಚನೆಯ ನೀರು ಪೂರ್ವಕ್ಕೆ ಹರಡುತ್ತದೆ. ಎಲ್ ನಿನ್ಯೋ ಎಂಬ ಈ ಘಟನೆಯೇ ಅನೇಕ ಸಲ ನಮ್ಮ ಮುಂಗಾರನ್ನೂ ದುರ್ಬಲಗೊಳಿಸುತ್ತದೆ. ಆಗ ಗಲಾಪಗೋಸಿನಲ್ಲಿ ತಣ್ಣೀರಿನ ಊಟೆ ಕುಗ್ಗಿ, ಪಾಚಿಯೂ ಮೀನೂ ಇಲ್ಲವಾಗುತ್ತವೆ. 1982–83ರ ಎಲ್ ನಿನ್ಯೋದಲ್ಲಿ ಅಲ್ಲಿಯ ಪೆಂಗ್ವಿನ್‌ಗಳಲ್ಲಿ ಮುಕ್ಕಾಲು ಪಾಲು ನಾಶವಾದವು. ಇಂಥ ಬರಗಾಲದಲ್ಲಿ ಕಡಲ ಇಗ್ವಾನಗಳ ದೇಹದ ಉದ್ದವೇ ಕುಗ್ಗುವುದನ್ನು ಅಳೆದು ನೋಡಿದ್ದಾರೆ. ಇಡೀ ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ, ಗಲಾಪಗೋಸಿನ ಕಡೆ ಎಂದೂ ಹೋಗದ ನಾವೂ ನೀವೂ ಉರಿಸುವ ಇಂಧನದ ಶಾಖ ಆ ತಣ್ಣೀರಿನ ಬಾಗಿಲನ್ನು ತಟ್ಟುತ್ತಿದೆ. ಅಲ್ಲಿಗೆ ಹೋಗುವ ಪ್ರವಾಸಿಗೆ 2 ಮೀಟರಿನ ನಿಯಮವಿದೆ; ಮನೆಯಲ್ಲಿಯೇ ಇರುವ ನಮಗೆ ಅಂಥ ನಿಯಮವನ್ನು ಇನ್ನಾರೂ ಗೊತ್ತುಮಾಡಿಲ್ಲ.

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಮರಳೋಣ. ಹೌದು, ಭೂಮಧ್ಯರೇಖೆಯ ಮೇಲೆ ಪೆಂಗ್ವಿನ್ ನಿಂತಿದೆ. ಸಾಗರದಾಚೆಯ ಗಾಳಿ, ಕಣ್ಣಿಗೆ ಕಾಣದ ಅಡಿಪ್ರವಾಹ, ಬೆಂಕಿಯಿಂದೆದ್ದ ಕಲ್ಲಿನ ಗೋಡೆ ಈ ಮೂರೂ ಕೂಡಿ ಅದಕ್ಕೆ ಅಲ್ಲಿ ನಿಲ್ಲಲು ಎಡೆ ಮಾಡಿಕೊಟ್ಟಿವೆ. ಅವುಗಳಲ್ಲಿ ಒಂದು ಸಡಿಲವಾದರೂ ಆ ಎಡೆ ಉಳಿಯದು. ಮುಂದೆ ಎಂದಾದರೂ ಆ ದ್ವೀಪಗಳನ್ನು ನೋಡುವ ಭಾಗ್ಯ ನಮ್ಮ ಓದುಗರಲ್ಲಿ ಯಾರಿಗಾದರೂ ಒದಗಿದರೆ, ಅವರು ಹಕ್ಕಿಯನ್ನು ದೂರದಿಂದ ನೋಡಿ, ಬಗ್ಗಿ ಸಮುದ್ರದ ನೀರನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಲಿ. ಅದು ತಣ್ಣಗಿದ್ದರೆ ಹಕ್ಕಿ ಕ್ಷೇಮವೆಂದು ತಿಳಿಯಬಹುದು.